ಕರ್ನಲ್ಲಿನೊಳಗಿನ ನೀರುಗಂಟಿ

ತುಂಬಾ ದಿನದಿಂದ ಬರೆಯಬೇಕು ಅಂದುಕೊಂಡಿದ್ದ ಬರಹ ಇದು. ಲಿನಕ್ಸ್ ಕರ್ನಲ್ಲಿನಲ್ಲಿ ಡಿಎಂಎ ಅಂತ ಒಂದು ಮೂಲೆ ಇದೆ. ಅಲ್ಲಿನ ಡ್ರೈವರುಗಳಿಗೆ "ಇಂಥ ಕಡೆಯಿಂದ ಇಂಥ ಕಡೆಗೆ, ಇಷ್ಟಿಷ್ಟೇ ಸಾಗಿಸು" ಅಂತ ಅಪ್ಪಣೆ ಕೊಡುವ ಒಂದು ಕ್ರಮ ಇದೆ, ಕಾನ್ಫಿಗರೇಶನ್ ಇಂಟರ್‌ಫೇಸು ಅಂತಾರೆ. ಅದನ್ನು ಯಾರೋ ಒಬ್ಬರು ಒಂದು ದಿನ ಕೂತು ಬರೆದದ್ದಲ್ಲ. ಕಟ್ಟಿ, ಕೆಡವಿ, ಮತ್ತೆ ಕಟ್ಟಿ, ಬೇಡ ಅಂತ ಮುಚ್ಚಿದ ಬಾಗಿಲನ್ನು ಮತ್ತೆ ಅರ್ಧ ತೆರೆದು... ಹೀಗೆ ಹದಿನೈದು ವರ್ಷಕ್ಕೂ ಮೀರಿದ ಕಥೆ. ಆ ಕಥೆಯಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. ಇಂಗ್ಲಿಷಿನಲ್ಲಿ ಇದೆಲ್ಲ ಚೂರು ಚೂರಾಗಿ ಸಿಗುತ್ತೆ, ಕನ್ನಡದಲ್ಲಿ ಒಂದು ಕಡೆ ಇರಲಿ ಅನ್ನಿಸಿತು.

ಇಲ್ಲಿಗೆ ಬರುವ ಓದುಗರಲ್ಲಿ ಅರ್ಧಕ್ಕರ್ಧ ಜನ ಇಂಜಿನಿಯರುಗಳಲ್ಲ ಅಂತ ನನಗೆ ಗೊತ್ತು. ಉಳಿದರ್ಧ ಜನ ಇಂಜಿನಿಯರುಗಳಾದರೂ ಜಾವಾ ಬರೆಯುವವರು :) ಹಾಗಾಗಿ ನಮ್ಮ ಕಡೆಯಿಂದಲೇ ಶುರು ಮಾಡುತ್ತೇನೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಈ ನಾಲ್ಕು ತಾಲ್ಲೂಕಿನವರಿಗೆ ನೀರು ಹಂಚುವುದು ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಶ್ರೀರಂಗಪಟ್ಟಣಕ್ಕೆ ಕನ್ನಂಬಾಡಿ ಕಟ್ಟುವುದಕ್ಕೆ ಎಷ್ಟೋ ಮೊದಲೇ ಹೊಳೆ ನಾಲೆಗಳಿದ್ದವು. ಬಂಗಾರದೊಡ್ಡಿ ನಾಲೆ 17ನೇ ಶತಮಾನದ ಕಂಠೀರವ ನರಸರಾಜ ಒಡೆಯರ ಕಾಲದ್ದು. ಪಾಂಡವಪುರಕ್ಕೆ ತೊಣ್ಣೂರು ಕೆರೆ, ಕನ್ನಂಬಾಡಿ ಆದಮೇಲೆ ವಿಶ್ವೇಶ್ವರಯ್ಯ ನಾಲೆ (ಮೊದಲು ಅದನ್ನು ಇರ್ವಿನ್ ನಾಲೆ ಅನ್ನುತ್ತಿದ್ದರು). ಕೆ.ಆರ್. ಪೇಟೆ, ನಾಗಮಂಗಲದ ಕಡೆ ಮುಖ್ಯವಾಗಿ ಕೆರೆ ನೀರು, ಆಮೇಲೆ ಹೇಮಾವತಿ ನಾಲೆ. ನೀರು ಎಲ್ಲಿಂದಲಾದರೂ ಬರಲಿ, ಅದನ್ನು ಗದ್ದೆಗೆ ಬಿಡುವುದಕ್ಕೆ ಒಬ್ಬ ಆಳು ಬೇಕಿತ್ತು. ಅವನೇ ನೀರುಗಂಟಿ. ತೂಬು ಎತ್ತುವವನು ಅವನು, ಇಳಿಸುವವನು ಅವನು. ಗದ್ದೆಯವನು ತನ್ನ ಪಾಡಿಗೆ ಬೇರೆ ಕೆಲಸ ನೋಡಿಕೊಳ್ಳಬಹುದು. ನೀರುಗಂಟಿ ಇಲ್ಲದ ಕಡೆ ಏನು ಗತಿ? ಏತ. ಒಂದೊಂದೇ ಸಲ ಮೊಗೆದು ಮೊಗೆದು ಸುರಿಯಬೇಕು. ಆ ಹೊತ್ತಿನಲ್ಲಿ ಬೇರೆ ಕೆಲಸ ಇಲ್ಲ.

ಕಂಪ್ಯೂಟರಿನಲ್ಲಿಯೂ ಎರಡು ದಾರಿ. ಡಿಸ್ಕಿನಿಂದಲೋ, ಧ್ವನಿಯ ಚಿಪ್ಪಿನಿಂದಲೋ, ನೆಟ್‌ವರ್ಕಿನಿಂದಲೋ ಬರುವ ದತ್ತಾಂಶವನ್ನು ಪ್ರೊಸೆಸರು ತಾನೇ ಒಂದೊಂದು ಬೈಟಾಗಿ ಎತ್ತಿ ಮೆಮೊರಿಗೆ ಹಾಕಬಹುದು. ಅದು ಏತ. ಇಲ್ಲವೇ ಡಿಎಂಎ ಕಂಟ್ರೋಲರ್ ಅನ್ನುವ ಬೇರೊಂದು ಯಂತ್ರಕ್ಕೆ ಹೇಳಿ, ತಾನು ಬೇರೆ ಕೆಲಸಕ್ಕೆ ಹೋಗಬಹುದು. ಮುಗಿದಮೇಲೆ ಅದು ಬಂದು "ಆಯ್ತು" ಅನ್ನುತ್ತೆ. ಡಿಎಂಎ ಅಂದರೆ ಡೈರೆಕ್ಟ್ ಮೆಮೊರಿ ಆಕ್ಸೆಸ್. ಹೆಸರಿನ ಅರ್ಥ ಅಷ್ಟೆ, ಪ್ರೊಸೆಸರನ್ನು ನಡುವೆ ಎಳೆಯದೆ ಮೆಮೊರಿ ಮುಟ್ಟುವುದು.

ಮೆಮೊರಿಯನ್ನು ನೇರವಾಗಿ ಮುಟ್ಟುತ್ತಾನೆ ಅನ್ನುವುದೇ ಅಪಾಯ ಕೂಡ. ತಪ್ಪು ವಿಳಾಸ ಹೇಳಿದರೆ ಅವನು ಯಾರನ್ನೂ ಕೇಳದೆ ಬೇರೆಯವರ ಗದ್ದೆಗೆ ನೀರು ನುಗ್ಗಿಸುತ್ತಾನೆ. ಈಗ ಎಷ್ಟೋ ಚಿಪ್ಪುಗಳಲ್ಲಿ ಅದನ್ನು ತಡೆಯುವ ಐಒಎಂಎಂಯು ಅನ್ನೋ ಕಾವಲು ಇದೆ, ಆದರೆ ಎಲ್ಲ ಕಡೆ ಇಲ್ಲ. ಅದಿಲ್ಲದ ಕಡೆ ಯಾವುದೋ ಪ್ರೋಗ್ರಾಮಿನ ಮೆಮೊರಿ ಕೊಳೆತು, ಎಷ್ಟೋ ಹೊತ್ತಿನ ಮೇಲೆ ಸಂಬಂಧವೇ ಇಲ್ಲದ ಜಾಗದಲ್ಲಿ ಯಂತ್ರ ಕುಸಿಯುತ್ತೆ. ಇಂಥದ್ದನ್ನು ಹುಡುಕುತ್ತ ರಾತ್ರಿ ಕಳೆದವರಿಗೆ ಗೊತ್ತು ಅದರ ಸಂಕಟ. ಆದ್ದರಿಂದ ನೀರುಗಂಟಿಗೆ ಅಪ್ಪಣೆ ಕೊಡುವ ಮಾತು ಹೇಗಿರಬೇಕು, ಯಾವ ಮಾತನ್ನು ಯಾರು, ಯಾವಾಗ ಹೇಳಬೇಕು ಅನ್ನುವುದು ಬರೀ ಅಚ್ಚುಕಟ್ಟಿನ ಪ್ರಶ್ನೆ ಅಲ್ಲ.

ಮೊದಮೊದಲು ಈ ಮಾತು ತುಂಬಾ ಸರಳ ಇತ್ತು. 1981ರ ಐಬಿಎಂ ಪಿಸಿಯಲ್ಲಿ ಇಂಟೆಲ್ 8237 ಅನ್ನೋ ಡಿಎಂಎ ಚಿಪ್ಪು. ನಾಲ್ಕು ಚಾನೆಲ್ಲು, ಅಂದರೆ ನಾಲ್ಕು ತೂಬು. 1984ರ ಪಿಸಿ ಎಟಿಯಲ್ಲಿ ಅಂಥವು ಎರಡು, ಒಂದನ್ನು ಇನ್ನೊಂದಕ್ಕೆ ಪೋಣಿಸಿದ್ದು. ಪೋಣಿಸುವುದಕ್ಕೆ 4ನೇ ಚಾನೆಲ್ ಹೋಯಿತು. ಫ್ಲಾಪಿಗೆ 2ನೇ ಚಾನೆಲ್ ಅನ್ನುವುದು ಎಲ್ಲರಿಗೂ ಗೊತ್ತಿದ್ದ ರೂಢಿ. ಸೌಂಡ್ ಕಾರ್ಡು ಹಾಕಿದವರು ಅದರ ಮೇಲಿನ ಜಂಪರ್ ಅನ್ನೋ ಪುಟ್ಟ ಟೊಪ್ಪಿಯನ್ನು ಸರಿಸಿ 1ನೇ ಚಾನೆಲ್ಲೋ 3ನೆಯದೋ ಆರಿಸಬೇಕಿತ್ತು. ಆಮೇಲೆ ಡಾಸ್‌ನಲ್ಲಿ ‘ಬ್ಲಾಸ್ಟರ್’ ಅಂತ ಒಂದು ಸಾಲು ಬರೆದು "ವಿಳಾಸ 220, ಇಂಟರಪ್ಟ್ 5, ಡಿಎಂಎ 1" ಅಂತ ಆಟಗಳಿಗೆ ತಿಳಿಸಬೇಕು. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕಲಿತವರಿಗೆ ಆ ಸಾಲು ಇನ್ನೂ ಬಾಯಿಪಾಠ ಇರಬೇಕು. ನೋಡಿ, ಅಲ್ಲಿ ಕಾನ್ಫಿಗರ್ ಮಾಡುತ್ತಿದ್ದುದು ಕಂಪ್ಯೂಟರಿನ ಮುಂದೆ ಕೂತ ಮನುಷ್ಯ!

ಲಿನಕ್ಸಿನಲ್ಲಿ ಆ ಚಿಪ್ಪಿಗೆ ಒಂದು ಹಿಡಿ ಫಂಕ್ಷನ್ನುಗಳು. ಚಾನೆಲ್ ಕೇಳು, ಮೋಡ್ ಹೇಳು, ವಿಳಾಸ ಹೇಳು, ಎಷ್ಟು ಅಂತ ಹೇಳು, ತೆರೆ. ಚಿಪ್ಪಿನ ರಿಜಿಸ್ಟರುಗಳಿಗೇ ಹೆಸರು ಕೊಟ್ಟ ಹಾಗೆ. ಬಫರು 64 ಕೆಬಿ ಗಡಿ ದಾಟಬಾರದು, ಮೆಮೊರಿಯ ಮೊದಲ 16 ಎಂಬಿ ಒಳಗೇ ಇರಬೇಕು ಅನ್ನುವ ಕಟ್ಟುಪಾಡುಗಳು ಬೇರೆ. ಎಲ್ಲ ಪಿಸಿಯಲ್ಲೂ ಒಂದೇ ಜಾತಿಯ ಚಿಪ್ಪು ಇದ್ದುದರಿಂದ ಅಷ್ಟು ಸಾಕಿತ್ತು. ಒಂದೇ ಊರು, ಒಬ್ಬನೇ ನೀರುಗಂಟಿ, ಹೆಸರು ಹಿಡಿದು ಕರೆದರೆ ಆಯ್ತು. ಅಂದ ಹಾಗೆ, ಇವತ್ತಿಗೂ ಎಷ್ಟೋ ಲಿನಕ್ಸ್ ಪಿಸಿಗಳಲ್ಲಿ ‘ಪ್ರಾಕ್’ ಫೋಲ್ಡರಿನೊಳಗಿನ ‘ಡಿಎಂಎ’ ಕಡತ ತೆರೆದರೆ "4: ಕ್ಯಾಸ್ಕೇಡ್" ಅಂತ ಒಂದೇ ಒಂದು ಸಾಲು ಕಾಣುತ್ತೆ. 1984ರ ಪೋಣಿಕೆಯ ನೆನಪು!

ತೊಂದರೆ ಶುರುವಾದದ್ದು ಮೊಬೈಲು, ಕ್ಯಾಮರಾ, ಸೆಟ್‌ಟಾಪ್ ಬಾಕ್ಸುಗಳ ಕಾಲಕ್ಕೆ. ಆ ಸಣ್ಣ ಯಂತ್ರಗಳ ಒಳಗಿನ ಚಿಪ್ಪುಗಳನ್ನು ಹತ್ತಾರು ಕಂಪನಿಗಳು ಮಾಡುತ್ತಿದ್ದವು. ಹೆಚ್ಚಿನವುಗಳಲ್ಲಿ ಆರ್ಮ್ ಪ್ರೊಸೆಸರು, ಆದರೆ ಡಿಎಂಎ ಕಂಟ್ರೋಲರು ಮಾತ್ರ ಒಬ್ಬೊಬ್ಬರದು ಒಂದೊಂದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ (1985ರಲ್ಲೇ ಬೆಂಗಳೂರಿಗೆ ಬಂದ ಕಂಪನಿ) ಡಾವಿಂಚಿ ಚಿಪ್ಪುಗಳಲ್ಲಿ ಇಡಿಎಂಎ. ಅದಕ್ಕೆ ಎ ಕೌಂಟ್, ಬಿ ಕೌಂಟ್, ಸಿ ಕೌಂಟ್ ಅಂತ ಮೂರು ಹಂತದ ಲೆಕ್ಕ ಕೊಡಬೇಕು. ಇಷ್ಟು ಬೈಟಿನ ಒಂದು ಸಾಲು, ಅಂಥ ಇಷ್ಟು ಸಾಲಿನ ಒಂದು ಚೌಕ, ಅಂಥ ಇಷ್ಟು ಚೌಕ. ಅದೇ ಕಂಪನಿಯ ಒಮ್ಯಾಪ್ ಚಿಪ್ಪುಗಳಿಗೆ ಬೇರೆಯದೇ ಡಿಎಂಎ, ಬೇರೆಯದೇ ಫಂಕ್ಷನ್ನುಗಳು. ಸ್ಯಾಮ್‌ಸಂಗಿಗೆ ಅದರದೇ. ಪ್ರತಿಯೊಂದು ಕರ್ನಲ್ಲಿನಲ್ಲಿ ತನ್ನ ತನ್ನ ಫೋಲ್ಡರಿನೊಳಗೆ, ತನ್ನ ಮನೆಮಾತಿನಲ್ಲಿ. ಮೆಮೊರಿ ಕಾರ್ಡ್ ಓದುವ ಡ್ರೈವರನ್ನು ಒಮ್ಯಾಪಿಗೆ ಬರೆದರೆ ಅದು ಒಮ್ಯಾಪಿಗಷ್ಟೇ. ನಾಗಮಂಗಲದ ಕೆರೆಯ ಕಟ್ಟಳೆ ಕಲಿತ ಆಳು ಶ್ರೀರಂಗಪಟ್ಟಣದ ನಾಲೆಯ ಮೇಲೆ ನಿಂತರೆ ಏನು ಮಾಡಿಯಾನು?

ಅದೇ ಹೊತ್ತಿಗೆ ಕರ್ನಲ್ಲಿನ ಇನ್ನೊಂದು ಕಡೆ ಬೇರೆ ಕಾರಣಕ್ಕೆ ಒಂದು ಹೊಸ ಮನೆ ಏಳುತ್ತಿತ್ತು. 2006ರಲ್ಲಿ, 2.6.18 ಆವೃತ್ತಿಯಲ್ಲಿ, ಇಂಟೆಲ್ಲಿನ ಕ್ರಿಸ್ ಲೀಚ್ ‘ಡಿಎಂಎ ಇಂಜಿನ್’ ಅನ್ನುವ ಸಣ್ಣ ಉಪವ್ಯವಸ್ಥೆ ತಂದರು. ಸರ್ವರುಗಳಲ್ಲಿ ನೆಟ್‌ವರ್ಕಿನಿಂದ ಬಂದ ದತ್ತಾಂಶವನ್ನು ಮೆಮೊರಿಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡುವ ದುಡಿತವನ್ನು ಪ್ರೊಸೆಸರಿನಿಂದ ತಪ್ಪಿಸುವುದು ಅದರ ಗುರಿ. ಆ ಮೂಲ ಉಪಯೋಗ ಕೊನೆಗೆ ಬಾಳಲಿಲ್ಲ, 2014ರಲ್ಲಿ ಅದನ್ನು ಕರ್ನಲ್ಲಿನಿಂದ ಕಿತ್ತುಹಾಕಿದರು. ಮನೆ ಮಾತ್ರ ಉಳಿಯಿತು. 2007ರಿಂದ ಡ್ಯಾನ್ ವಿಲಿಯಮ್ಸ್ ಅದನ್ನು ರೈಡ್ ಡಿಸ್ಕುಗಳ ಲೆಕ್ಕಾಚಾರಕ್ಕೂ ಹಿಗ್ಗಿಸಿದರು.

ಮೆಮೊರಿಯಿಂದ ಮೆಮೊರಿಗೆ ಸಾಗಿಸುವುದಕ್ಕೆ ಕಾನ್ಫಿಗರೇಶನ್ ಬೇಕಾಗಿಯೇ ಇಲ್ಲ ಅನ್ನಬಹುದು. ಇಲ್ಲಿಂದ, ಅಲ್ಲಿಗೆ, ಇಷ್ಟು. ಮುಗಿಯಿತು. ಸಾಧನವೊಂದು ಇನ್ನೊಂದು ತುದಿಯಲ್ಲಿದ್ದಾಗಲೇ ಕಷ್ಟ. ಸೀರಿಯಲ್ ಪೋರ್ಟಿನ ಮುಂದೆ ಫಿಫೋ ಅನ್ನೋ ಪುಟ್ಟ ತೊಟ್ಟಿ ಇರುತ್ತೆ. ಒಂದೇ ಸಲಕ್ಕೆ ಎಷ್ಟು ಅಗಲದ ಧಾರೆ ಬಿಡಬಹುದು? ತೊಟ್ಟಿ ತುಂಬಿ ಚೆಲ್ಲದ ಹಾಗೆ ಒಂದು ಸಲಕ್ಕೆ ಎಷ್ಟು? ತೊಟ್ಟಿ ಖಾಲಿ ಆಯ್ತು ಅಂತ ಕೂಗುವ ತಂತಿ ಯಾವುದು? ಇಂಥ ಕೆಲಸವನ್ನು ಡಿಎಂಎ ಇಂಜಿನ್ನಿಗೆ 2008ರಲ್ಲಿ ತಂದವರು ಆಟ್ಮೆಲ್ ಕಂಪನಿಯ ಹೋವಾರ್ಡ್ ಶಿನ್ನೆಮೋಯೆನ್. ಎವಿಆರ್32 ಅನ್ನುವ ಪ್ರೊಸೆಸರಿಗಾಗಿ ಅವರು ಬರೆದದ್ದು. ಆ ಪ್ರೊಸೆಸರಿನ ಬೆಂಬಲ 2017ರಲ್ಲಿ ಕರ್ನಲ್ಲಿನಿಂದಲೇ ಹೋಯಿತು, ಅವರು ಬರೆದ ಡಿಸೈನ್‌ವೇರ್ ಡಿಎಂಎ ಡ್ರೈವರು ಎಷ್ಟೋ ಬೇರೆ ಚಿಪ್ಪುಗಳಲ್ಲಿ ಬದುಕಿಕೊಂಡಿತು. ಇಂಥ ತಮಾಷೆ ಈ ಇತಿಹಾಸದಲ್ಲಿ ಬೇಕಾದಷ್ಟು.

ಆದರೆ ಅಪ್ಪಣೆ ಹೇಳುವ ರೀತಿ ಇನ್ನೂ ಮನೆಮಾತೇ. 2009ರಲ್ಲಿ ಡ್ಯಾನ್ ವಿಲಿಯಮ್ಸ್ ಇಡೀ ಎಪಿಐಯನ್ನು ಪುನಃ ಕಟ್ಟಿದಾಗ ಚಾನೆಲ್ಲಿಗೆ ‘ಪ್ರೈವೇಟ್’ ಅಂತ ಒಂದು ಕಿಸೆ ಸಿಕ್ಕಿತು. ಆ ಕಿಸೆಯಲ್ಲಿ ಏನು ಬೇಕಾದರೂ ಇಡಬಹುದು, ಇಟ್ಟವನಿಗೂ ತೆಗೆಯುವವನಿಗೂ ಗೊತ್ತಿದ್ದರೆ ಸಾಕು. ಚಾನೆಲ್ ಕೇಳುವುದಕ್ಕೆ ಫಿಲ್ಟರ್ ಫಂಕ್ಷನ್ ಅನ್ನೋ ಪದ್ಧತಿ. ಡ್ರೈವರು ಒಂದೊಂದು ಚಾನೆಲ್ಲಿನ ಮುಖ ನೋಡಿ "ನೀನು ನನ್ನವನೇನಪ್ಪ?" ಅಂತ ಕೇಳುವುದು. ಕೇಳಬೇಕಾದರೆ ಆ ಕಂಟ್ರೋಲರಿನ ಒಳಗುಟ್ಟು ಗೊತ್ತಿರಬೇಕು. ಹೊರಗೆ ನೋಡುವುದಕ್ಕೆ ಎಲ್ಲರಿಗೂ ಒಂದೇ ಎಪಿಐ, ಒಳಗೆ ಎಲ್ಲ ಹಳೇ ಗುಟ್ಟೇ. ನನ್ನ ಪ್ರಕಾರ ಇದು ಮೊದಲಿಗಿಂತ ಕೆಟ್ಟದ್ದು. ಬೇರೆ ಬೇರೆ ಭಾಷೆ ಅಂತ ಗೊತ್ತಿದ್ದರೆ ದುಭಾಷಿಯನ್ನಾದರೂ ಹುಡುಕುತ್ತೀವಿ, ಒಂದೇ ಭಾಷೆ ಅಂತ ಬೋರ್ಡು ಹಾಕಿ ಒಳಗೆ ಸನ್ನೆಯಲ್ಲಿ ವ್ಯವಹರಿಸಿದರೆ?

ಇಲ್ಲಿ ಬರುತ್ತಾರೆ ಸ್ವೀಡನ್ನಿನ ಲೀನಸ್ ವಾಲ್ಲೇಯ್. (ಇನ್ನೊಬ್ಬ ಲೀನಸ್. ಲಿನಕ್ಸ್ ಬರೆದವರು ಫಿನ್ಲೆಂಡಿನವರು.) ಎಸ್‌ಟಿ ಎರಿಕ್ಸನ್ ಕಂಪನಿಯಲ್ಲಿದ್ದ ಅವರ ಮುಂದೆ ಒಂದು ಸಮಸ್ಯೆ ಸ್ಪಷ್ಟವಾಗಿ ನಿಂತಿತ್ತು. ಪಿಎಲ್011 ಅನ್ನೋ ಸೀರಿಯಲ್ ಪೋರ್ಟಿನ ವಿನ್ಯಾಸವನ್ನು ಆರ್ಮ್ ಕಂಪನಿ ಎಲ್ಲರಿಗೂ ಮಾರುತ್ತಿತ್ತು. ಒಂದೇ ಸೀರಿಯಲ್ ಪೋರ್ಟು, ಒಂದು ಚಿಪ್ಪಿನಲ್ಲಿ ಒಂದು ಡಿಎಂಎಗೆ ಅಂಟಿಕೊಂಡಿದೆ, ಇನ್ನೊಂದರಲ್ಲಿ ಇನ್ನೊಂದಕ್ಕೆ, ಆರ್ಮಿನ ಸ್ವಂತ ಬೋರ್ಡಿನಲ್ಲಿ ಮತ್ತೊಂದಕ್ಕೆ. ಸೀರಿಯಲ್ ಡ್ರೈವರು ಮೂರು ಸಲ ಬರೆಯಬೇಕೋ? ಹಾಗಾಗಿ 2010ರಲ್ಲಿ, 2.6.36 ಆವೃತ್ತಿಗೆ, ಅವರು ‘ಡಿಎಂಎ ಸ್ಲೇವ್ ಕಾನ್ಫಿಗ್’ ಅನ್ನೋ ಒಂದು ಸಣ್ಣ ಚೀಟಿ ಮಾಡಿದರು. ಸಿ ಭಾಷೆಯಲ್ಲಿ ಅದೊಂದು ಸ್ಟ್ರಕ್ಟು. ಅದರಲ್ಲಿದ್ದುದು ಇಷ್ಟೇ: ಯಾವ ದಿಕ್ಕು, ಎತ್ತಿಕೊಳ್ಳುವ ವಿಳಾಸ, ಸುರಿಯುವ ವಿಳಾಸ, ಎರಡೂ ಕಡೆಯ ಅಗಲ, ಎರಡೂ ಕಡೆಯ ಗರಿಷ್ಠ ಬರ್ಸ್ಟ್.

ಆ ಚೀಟಿಯನ್ನು ಸ್ವಲ್ಪ ಹೊತ್ತು ನೋಡಬೇಕು. ಅದರಲ್ಲಿ ಯಾವ ಕಂಪನಿಯ ಹೆಸರೂ ಇಲ್ಲ, ಯಾವ ರಿಜಿಸ್ಟರೂ ಇಲ್ಲ. ಬರೆಯುವವನು ತನ್ನ ತೊಟ್ಟಿಯ ಬಗ್ಗೆ ತನಗೆ ಗೊತ್ತಿರುವುದನ್ನಷ್ಟೇ ಹೇಳುತ್ತಾನೆ. ನೀರುಗಂಟಿಯ ಬಗ್ಗೆ ಏನೂ ಹೇಳುವುದಿಲ್ಲ. ಸೀರಿಯಲ್ ಡ್ರೈವರಿಗೆ ತನ್ನ ಫಿಫೋ 16 ಮನೆಯದು ಅಂತ ಗೊತ್ತು, ಅರ್ಧ ಖಾಲಿಯಾದಾಗ ಕೂಗುತ್ತೆ ಅಂತ ಗೊತ್ತು. ಹಾಗಾಗಿ "ಒಂದು ಸಲಕ್ಕೆ 8ರ ಮೇಲೆ ಬೇಡ" ಅನ್ನುತ್ತೆ. ಅದನ್ನು ತನ್ನ ರಿಜಿಸ್ಟರಿನಲ್ಲಿ ಹೇಗೆ ಬರೆಯಬೇಕು ಅನ್ನೋದು ಡಿಎಂಎ ಡ್ರೈವರಿನ ತಲೆನೋವು. ಬರ್ಸ್ಟನ್ನು ಬೈಟಿನಲ್ಲಿ ಅಳೆಯದೆ ‘ಅಗಲ’ದ ಲೆಕ್ಕದಲ್ಲಿ ಅಳೆದದ್ದು ಇನ್ನೊಂದು ಜಾಣತನ. ಅಗಲ 4 ಬೈಟ್, ಬರ್ಸ್ಟ್ 8 ಅಂದರೆ 32 ಬೈಟ್. ಕೊಡ ಎಷ್ಟು ದೊಡ್ಡದು ಅಂತ ಒಂದು ಮಾತು, ಎಷ್ಟು ಕೊಡ ಅಂತ ಇನ್ನೊಂದು ಮಾತು. ಇದನ್ನು ಬೈಟ್ ಅಂತ ತಪ್ಪು ತಿಳಿದು 32 ಅಂತ ಬರೆದರೆ ನಾಲ್ಕು ಪಟ್ಟು ಹೆಚ್ಚು ಸುರಿದು, ತೊಟ್ಟಿ ತುಂಬಿ ಚೆಲ್ಲಿ, ಹಾಡು ಕರಕರ ಅನ್ನುತ್ತೆ ಇಲ್ಲವೇ ಸೀರಿಯಲ್ಲಿನಲ್ಲಿ ಅಕ್ಷರ ಕಾಣೆಯಾಗುತ್ತೆ. ಕರ್ನಲ್ಲಿನ ಹೆಡರ್ ಕಡತದಲ್ಲಿ ಈ ಸಾಲಿನ ಪಕ್ಕ "ಬೈಟ್ ಅಲ್ಲ" ಅಂತ ಒತ್ತಿ ಹೇಳಿರುವುದು ಸುಮ್ಮನೆ ಅಲ್ಲ.

ವಾಲ್ಲೇಯ್ ಈ ಚೀಟಿಯನ್ನು ತಲುಪಿಸಲು ಆರಿಸಿದ ದಾರಿ ಮಾತ್ರ ನನಗೆ ಅಷ್ಟು ಹಿಡಿಸುವುದಿಲ್ಲ. ‘ಡಿವೈಸ್ ಕಂಟ್ರೋಲ್’ ಅಂತ ಒಂದೇ ಫಂಕ್ಷನ್. ಅದಕ್ಕೆ ಒಂದು ಆಜ್ಞೆಯ ಸಂಖ್ಯೆ, ಜೊತೆಗೊಂದು ಅನ್‌ಸೈನ್ಡ್ ಲಾಂಗ್. ನಿಲ್ಲು, ತಡಿ, ಮುಂದುವರಿ, ಈ ಚೀಟಿ ತಗೋ, ಎಲ್ಲ ಅದರಲ್ಲೇ. ಚೀಟಿಯನ್ನು ಸಂಖ್ಯೆಯ ವೇಷ ಹಾಕಿಸಿ ಒಳಗೆ ಕಳಿಸಿ, ಅಲ್ಲಿ ವೇಷ ಕಳಚುವುದು. ಹೀಗೆ ಮಾಡಿದರೆ ತಪ್ಪು ಚೀಟಿ ಕೊಟ್ಟರೂ ಕಂಪೈಲರ್ ಬಾಯಿ ಬಿಡುವುದಿಲ್ಲ. ಜೊತೆಗೆ ಬೀದಿಯಲ್ಲಿ ಹೋಗುವವರೆಲ್ಲ ತಮ್ಮದೊಂದು ಆಜ್ಞೆ ಸೇರಿಸಬಹುದು. ಫ್ರೀಸ್ಕೇಲ್ ಚಿಪ್ಪುಗಳಿಗಾಗಿಯೇ ಒಂದು ಆಜ್ಞೆ ಆ ಪಟ್ಟಿಯಲ್ಲಿ ಸೇರಿಯೂ ಇತ್ತು.

ಅದೇ 2010ರಲ್ಲಿ ಬೆಂಗಳೂರಿನ ಇಂಟೆಲ್ಲಿನಲ್ಲಿ ಕೆಲಸ ಮಾಡುತ್ತಿದ್ದ ವಿನೋದ್ ಕೌಲ್, ಮೊಬೈಲಿಗಾಗಿ ಇಂಟೆಲ್ ಮಾಡುತ್ತಿದ್ದ ಆಟಮ್ ಚಿಪ್ಪುಗಳ ಡಿಎಂಎಗೆ ಡ್ರೈವರ್ ಬರೆದು ಕೊಟ್ಟರು. ಮರುವರ್ಷ ಅವರು ಡಿಎಂಎ ಇಂಜಿನ್ನಿನ ಮೇಂಟೇನರುಗಳಲ್ಲಿ ಒಬ್ಬರಾದರು. ಮೇಂಟೇನರ್ ಅಂದರೆ, ಆ ಮೂಲೆಗೆ ಜಗತ್ತಿನ ಯಾರೇ ಬದಲಾವಣೆ ಕಳಿಸಲಿ, ಓದಿ, ಪ್ರಶ್ನೆ ಕೇಳಿ, ತಿದ್ದಿಸಿ, ಒಪ್ಪಿದರೆ ಲೀನಸ್ ಟೋರ್ವಾಲ್ಡ್ಸ್‌ಗೆ ದಾಟಿಸುವವರು. ಬಹಳ ಜನ ಬೆಂಗಳೂರಿನ ಐಟಿ ಅಂದರೆ ಬೇರೆಯವರು ಹೇಳಿದ್ದನ್ನು ಬರೆದುಕೊಡುವುದು ಅಂದುಕೊಂಡಿದ್ದಾರೆ. ಅಮೆರಿಕ, ಯೂರೋಪು, ಚೀನಾ, ಕೊರಿಯಾದ ಚಿಪ್ ಕಂಪನಿಗಳು ತಮ್ಮ ಡಿಎಂಎ ಡ್ರೈವರು ಲಿನಕ್ಸಿಗೆ ಸೇರಬೇಕಾದರೆ ಬೆಂಗಳೂರಿನಿಂದ "ಆಗಲಿ" ಬರಬೇಕಿತ್ತು ಅನ್ನುವುದು ಎಷ್ಟು ಜನಕ್ಕೆ ಗೊತ್ತು? 2018ರ ಸುಮಾರಿಗೆ ಅವರು ಲಿನಾರೋಗೆ ಹೋದಮೇಲೂ ಆ ಕೆಲಸ ಬಿಡಲಿಲ್ಲ.

ಅವರ ಮೊದಲ ಕೆಲಸಗಳಲ್ಲಿ ಒಂದು ದಿಕ್ಕಿನ ಗೊಂದಲ ಬಿಡಿಸಿದ್ದು. ಕರ್ನಲ್ಲಿನಲ್ಲಿ ಮೆಮೊರಿಯನ್ನು ಡಿಎಂಎಗೆ ಸಿದ್ಧ ಮಾಡುವ ಬೇರೊಂದು ವ್ಯವಸ್ಥೆ ಇದೆ. ಅದರಲ್ಲಿ ‘ಸಾಧನಕ್ಕೆ’, ‘ಸಾಧನದಿಂದ’ ಅಂತ ದಿಕ್ಕುಗಳು. ಅದನ್ನೇ ಎರವಲು ತಂದು ಇಲ್ಲಿಯೂ ಬಳಸುತ್ತಿದ್ದರು. ಇಲ್ಲಿ ಕೇಳುವ ಪ್ರಶ್ನೆ ಬೇರೆ. 2011ರಲ್ಲಿ ಬರೆದು 2012ರಲ್ಲಿ ಒಳಬಂದ ಬದಲಾವಣೆಯಲ್ಲಿ ವಿನೋದ್ ಕೌಲ್ ಇದಕ್ಕೇ ಬೇರೆ ಹೆಸರು ಕೊಟ್ಟರು: ಮೆಮೊರಿಯಿಂದ ಮೆಮೊರಿಗೆ, ಮೆಮೊರಿಯಿಂದ ಸಾಧನಕ್ಕೆ, ಸಾಧನದಿಂದ ಮೆಮೊರಿಗೆ, ಸಾಧನದಿಂದ ಸಾಧನಕ್ಕೆ. ಮುಂದೆ ದಿಕ್ಕನ್ನು ಚೀಟಿಯಲ್ಲಿ ಬರೆಯುವುದೇ ಹಳೇ ಪದ್ಧತಿ ಅಂತಾಯಿತು. ಪ್ರತಿ ಸಾಗಣೆ ಹೇಳುವಾಗಲೇ ದಿಕ್ಕೂ ಹೇಳಿ, ಚೀಟಿಯಲ್ಲಿ ಎರಡೂ ಕಡೆಯ ವಿವರ ಇರಲಿ, ಆಗ ಒಂದೇ ಚಾನೆಲ್ ಒಮ್ಮೆ ಹಾಗೂ ಒಮ್ಮೆ ಹೀಗೂ ಹರಿಯಬಹುದು ಅನ್ನುವ ವಾದ. ಸರಿಯಾದದ್ದೇ. ಚೀಟಿಯಲ್ಲಿನ ಆ ಸಾಲಿನ ಮೇಲೆ "ಬಳಸಬೇಡಿ" ಅಂತ ಬರೆದರು, ಸಾಲನ್ನು ಮಾತ್ರ ಅಳಿಸಲಿಲ್ಲ. ಬಳಸುತ್ತಿರುವ ಡ್ರೈವರು ಎಷ್ಟಿದೆಯೋ, ಯಾರ ಯಂತ್ರ ನಿಂತುಹೋದೀತೋ ಅನ್ನುವ ಭಯ ಕರ್ನಲ್ಲಿನವರಿಗೆ ಯಾವಾಗಲೂ ಇರುತ್ತೆ.

ಇನ್ನು ‘ಯಾವ ತೂಬು’ ಅನ್ನುವ ಪ್ರಶ್ನೆ. ಮಾರ್ಚ್ 2011ರಲ್ಲಿ ಟೋರ್ವಾಲ್ಡ್ಸ್ ಆರ್ಮ್ ಮಂದಿಯ ಮೇಲೆ ಸಿಕ್ಕಾಪಟ್ಟೆ ಸಿಟ್ಟಾಗಿದ್ದರು. ಒಂದೊಂದು ಬೋರ್ಡಿಗೂ ಒಂದೊಂದು ಸಿ ಕಡತ, ಅದರಲ್ಲಿ ಯಾವ ತಂತಿ ಎಲ್ಲಿ ಅನ್ನೋ ಪಟ್ಟಿ, ಸಾವಿರಾರು ಸಾಲು. ಇದೆಲ್ಲ ಕರ್ನಲ್ಲಿನೊಳಗೆ ಯಾಕೆ ಅನ್ನುವುದು ಅವರ ಪ್ರಶ್ನೆ. ಅದಾದಮೇಲೆ ಡಿವೈಸ್ ಟ್ರೀ ಅನ್ನುವ ಪದ್ಧತಿ ಆರ್ಮಿನಲ್ಲಿ ಬೇರೂರಿತು. ಬೋರ್ಡಿನ ತಂತಿ ಹೇಗೆ ಎಳೆದಿದೆ ಅನ್ನುವುದನ್ನು ಒಂದು ಪ್ರತ್ಯೇಕ ಕಡತದಲ್ಲಿ ಬರೆದು ಕರ್ನಲ್ಲಿಗೆ ಕೊಡುವುದು, ಊರಿನ ನಕ್ಷೆಯ ಹಾಗೆ. ಡಿಎಂಎಗೆ ಆ ನಕ್ಷೆಯ ಭಾಷೆ ಬರೆದವರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಜಾನ್ ಹಂಟರ್. 2013ರಲ್ಲಿ ಅದು ಒಳಬಂತು. ಸೀರಿಯಲ್ ಪೋರ್ಟಿನ ಹೆಸರಿನ ಕೆಳಗೆ ‘ಟಿಎಕ್ಸ್’, ‘ಆರ್‌ಎಕ್ಸ್’ ಅಂತ ಎರಡು ಹೆಸರು, ಒಂದೊಂದರ ಎದುರಿಗೆ ಯಾವ ಕಂಟ್ರೋಲರು, ಎಷ್ಟನೇ ತಂತಿ ಅಂತ. ತಂತಿಯ ವಿವರ ಒಂದು ಅಂಕಿಯಲ್ಲಿ ಮುಗಿಯುತ್ತೋ ಮೂರು ಅಂಕಿ ಬೇಕೋ ಅನ್ನುವುದನ್ನು ಆಯಾ ಕಂಟ್ರೋಲರೇ ತೀರ್ಮಾನಿಸಬಹುದು. ಡ್ರೈವರು "ನನ್ನ ‘ಆರ್‌ಎಕ್ಸ್’ ಕೊಡಿ" ಅಂದರೆ ಸಾಕು. ಮುಖ ನೋಡಿ ಗುರುತು ಹಿಡಿಯುವ ಫಿಲ್ಟರಿನ ಗೋಳು ಅಲ್ಲಿಗೆ ಹೆಚ್ಚೂಕಡಿಮೆ ತಪ್ಪಿತು.

ನೀರುಗಂಟಿಯನ್ನೇ "ನಿನ್ನ ಕೈಲಿ ಏನೇನಾಗುತ್ತೆ?" ಅಂತ ಕೇಳುವ ವ್ಯವಸ್ಥೆ 2013ರಲ್ಲಿ ಬಂತು, ವಿನೋದ್ ಕೌಲ್ ಅವರದೇ. ಯಾವ ಅಗಲ ಆಗುತ್ತೆ, ನಡುವೆ ತಡೆದು ನಿಲ್ಲಿಸಲು ಆಗುತ್ತಾ, ಹೀಗೆ. ಧ್ವನಿ ವಿಭಾಗದವರಿಗೆ ಇದರಿಂದ ದೊಡ್ಡ ಉಪಕಾರವಾಯಿತು. ಮೊದಲೇ ಕೇಳಿ ತಿಳಿದುಕೊಂಡು, ಆಗದ್ದನ್ನು ಬಳಕೆದಾರನಿಗೆ ಆಸೆ ತೋರಿಸದೇ ಇರಬಹುದು. 2014ರ ಕೊನೆಗೆ ಫ್ರೀ ಎಲೆಕ್ಟ್ರಾನ್ಸ್ ಕಂಪನಿಯ ಮ್ಯಾಕ್ಸಿಮ್ ರಿಪಾರ್ಡ್, ಮೇಲೆ ಹೇಳಿದೆನಲ್ಲ ಆ ವೇಷದ ‘ಡಿವೈಸ್ ಕಂಟ್ರೋಲ್’, ಅದನ್ನು ಒಡೆದರು. ಕಾನ್ಫಿಗ್ ಒಂದು ಫಂಕ್ಷನ್, ತಡೆಯುವುದು ಒಂದು, ಮುಂದುವರಿಸುವುದು ಒಂದು, ನಿಲ್ಲಿಸುವುದು ಒಂದು. ಇದ್ದಬದ್ದ ಡ್ರೈವರುಗಳನ್ನೆಲ್ಲ ಒಂದೊಂದಾಗಿ ತಿದ್ದಬೇಕಾದ, ಯಾರೂ ಹೊಗಳದ ಕೆಲಸ. 2015ರ 4.0 ಆವೃತ್ತಿಯಲ್ಲಿ ಅದು ಬಂತು. ಈಗ ತಪ್ಪು ಚೀಟಿ ಕೊಟ್ಟರೆ ಕಂಪೈಲರೇ ಬೈಯುತ್ತೆ.

ಇಷ್ಟಾಗುವ ಹೊತ್ತಿಗೆ ಕಥೆ ಒಂದು ಆಕಾರಕ್ಕೆ ಬಂದಿತ್ತು. ತಂತಿ ಎಲ್ಲಿದೆ ಅನ್ನುವುದು ನಕ್ಷೆಯಲ್ಲಿ. ತೊಟ್ಟಿ ಎಂಥದು ಅನ್ನುವುದು ಚೀಟಿಯಲ್ಲಿ. ಈ ಸಲ ಯಾವ ಕಡೆಗೆ, ಎಷ್ಟು ಅನ್ನುವುದು ಆ ಸಲದ ಮಾತಿನಲ್ಲಿ. ಏನಾಗುತ್ತೆ ಏನಾಗಲ್ಲ ಅನ್ನುವುದು ನೀರುಗಂಟಿಯ ಬಾಯಲ್ಲಿ. ಮೊದಲು ಎಲ್ಲವೂ ಒಂದೇ ‘ಪ್ರೈವೇಟ್’ ಕಿಸೆಯಲ್ಲಿ ಕಲಸಿಕೊಂಡಿದ್ದವು. ಯಾರು ತಿಳಿದಿದ್ದಾರೋ ಅವರೇ ಹೇಳಲಿ, ತಿಳಿದ ಹೊತ್ತಿಗೇ ಹೇಳಲಿ ಅನ್ನುವ ಕಡೆಗೆ ಇಡೀ ವಿನ್ಯಾಸ ಜರುಗಿತು. ಇದನ್ನು ಯಾರೂ ಮೊದಲೇ ಯೋಜಿಸಿ ಬರೆದದ್ದಲ್ಲ ಅನ್ನುವುದೇ ನನಗೆ ಅಚ್ಚರಿ.

ಅಪವಾದಗಳೂ ಇದ್ದವು. 2012ರಲ್ಲಿ ಎನ್‌ವಿಡಿಯಾದ ಲಕ್ಷ್ಮಣ್ ದೇವಾಂಗನ್, ಟೆಗ್ರಾ ಚಿಪ್ಪುಗಳಿಗಾಗಿ ಚೀಟಿಗೆ ‘ಸ್ಲೇವ್ ಐಡಿ’ ಅಂತ ಒಂದು ಸಾಲು ಸೇರಿಸಿದ್ದರು. ಅದು ತಂತಿಯ ಸಂಖ್ಯೆ. ಆಗ ನಕ್ಷೆ ಇನ್ನೂ ಇರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ನಕ್ಷೆ ಬಂದಮೇಲೆ ಅದೇ ಸಂಗತಿ ಎರಡು ಕಡೆ ಬರೆದ ಹಾಗಾಯಿತು. ಎರಡು ಕಡೆ ಬರೆದ ಪಹಣಿ ಒಂದಲ್ಲ ಒಂದು ದಿನ ಜಗಳ ತರುತ್ತೆ ಅಂತ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2021ರ ಕೊನೆಗೆ ಆರ್ನ್ಡ್ ಬರ್ಗ್‌ಮನ್ ಆ ಸಾಲನ್ನು ಬಳಸುವವರನ್ನೆಲ್ಲ ಹುಡುಕಿ ತಿದ್ದಿ, ಸಾಲನ್ನೇ ತೆಗೆದರು. 2022ರ 5.17 ಆವೃತ್ತಿಯಿಂದ ಅದಿಲ್ಲ.

‘ಸ್ಲೇವ್’ ಅನ್ನುವ ಪದದ ಬಗ್ಗೆಯೂ ಒಂದು ಮಾತು. ಇಂಗ್ಲಿಷಿನಲ್ಲಿ ಅದರ ಅರ್ಥ ಗುಲಾಮ. 2020ರ ಜುಲೈನಲ್ಲಿ ಕರ್ನಲ್ಲಿನವರು ಹೊಸ ಕೋಡಿನಲ್ಲಿ ಇಂಥ ಪದ ಬೇಡ ಅಂತ ನಿಯಮ ಮಾಡಿದರು. ಹಳೆಯ ಹೆಸರುಗಳನ್ನು ಬದಲಿಸುವುದು ಅಷ್ಟು ಸುಲಭವಲ್ಲ, ಹಾಗಾಗಿ ಚೀಟಿಯ ಹೆಸರು ಹಾಗೇ ಉಳಿಯಿತು. ನಾನು ಇಲ್ಲಿಯವರೆಗೆ ನೀರುಗಂಟಿ ನೀರುಗಂಟಿ ಅಂತ ಸಲೀಸಾಗಿ ಬರೆದುಕೊಂಡು ಬಂದೆ. ಆ ಚಾಕರಿಯೂ ನಮ್ಮ ಸೀಮೆಯಲ್ಲಿ ಹೆಚ್ಚಾಗಿ ದಲಿತ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದದ್ದು, ಸುಗ್ಗಿಯಲ್ಲಿ ಕಣದ ಹತ್ತಿರ ಅಳೆದು ಕೊಡುವ ಕಾಳಿಗೆ. ತೋಟಿ, ತಳವಾರಿಕೆ, ನೀರುಗಂಟಿಕೆ ಮುಂತಾದ ವಂಶಪಾರಂಪರ್ಯದ ಗ್ರಾಮ ಚಾಕರಿಗಳನ್ನು ತೆಗೆಯಲು ನಮ್ಮ ರಾಜ್ಯದಲ್ಲಿ 1961ರಲ್ಲಿ ಕಾನೂನು ಮಾಡಬೇಕಾಯಿತು. ಯಂತ್ರಕ್ಕೆ ಆ ಹೆಸರು ಇಡುವಾಗ ಇದೂ ನೆನಪಿರಲಿ.

ಕೊನೆಯ ಅಧ್ಯಾಯ ನನಗೆ ಎಲ್ಲಕ್ಕಿಂತ ಇಷ್ಟ. ವರ್ಷಗಟ್ಟಲೆ ಖಾಸಗಿ ಕಿಸೆ ಬೇಡ, ಎಲ್ಲರಿಗೂ ಒಂದೇ ಚೀಟಿ ಅಂತ ಹಿಡಿದು ಕೂತಿದ್ದ ಉಪವ್ಯವಸ್ಥೆಯಲ್ಲಿ, 2020ರ ಡಿಸೆಂಬರಿನಲ್ಲಿ ಮೇಂಟೇನರ್ ವಿನೋದ್ ಕೌಲ್ ಅವರೇ ಚೀಟಿಗೆ ಎರಡು ಹೊಸ ಸಾಲು ಸೇರಿಸಿದರು. ‘ಪೆರಿಫೆರಲ್ ಕಾನ್ಫಿಗ್’ ಅಂತ ಒಂದು ವಾಯ್ಡ್ ಪಾಯಿಂಟರು, ಅದರ ಗಾತ್ರ ಹೇಳುವ ಇನ್ನೊಂದು ಸಾಲು. ವಾಯ್ಡ್ ಪಾಯಿಂಟರ್ ಅಂದರೆ, ಒಳಗೇನಿದೆ ಅಂತ ಹೊರಗಿನವರು ಕೇಳಬೇಡಿ ಅಂತ ಅರ್ಥ. ಹಳೇ ಕಿಸೆಯೇ ಅಲ್ಲವೇ ಇದು?

ಕಾರಣ ಇತ್ತು. ಕ್ವಾಲ್‌ಕಾಮ್ ಚಿಪ್ಪುಗಳಲ್ಲಿ ಜಿಪಿಐ ಅನ್ನುವ ಡಿಎಂಎ ಇದೆ. ಅದು ಬರೀ ನೀರು ಬಿಡುವ ಆಳಲ್ಲ. ಎಸ್‌ಪಿಐ, ಐ2ಸಿ ಅನ್ನುವ ಸಣ್ಣ ಸಂಪರ್ಕ ಸಾಧನಗಳನ್ನು ಅದೇ ನಡೆಸುತ್ತೆ. ಗಡಿಯಾರದ ವೇಗ ಎಷ್ಟು, ಪದದ ಉದ್ದ ಎಷ್ಟು, ಐ2ಸಿಯಲ್ಲಿ ಯಾರ ವಿಳಾಸಕ್ಕೆ ಅನ್ನುವುದನ್ನೆಲ್ಲ ಡಿಎಂಎಗೇ ಹೇಳಬೇಕು. ತೂಬು ಎತ್ತುವವನೇ ಉತ್ತು, ನಾಟಿ ಮಾಡಿ, ಗೊಬ್ಬರ ಹಾಕುವ ಹಾಗೆ. ವಿಳಾಸ, ಅಗಲ, ಬರ್ಸ್ಟ್ ಅನ್ನುವ ಚೀಟಿಯಲ್ಲಿ ಇದನ್ನೆಲ್ಲ ಎಲ್ಲಿ ಬರೆಯೋದು? ಎಸ್‌ಪಿಐ ಗಡಿಯಾರಕ್ಕೊಂದು ಸಾಲು, ಐ2ಸಿ ವಿಳಾಸಕ್ಕೊಂದು ಸಾಲು ಅಂತ ಎಲ್ಲರ ಚೀಟಿಯಲ್ಲೂ ಸೇರಿಸಿದರೆ ಚೀಟಿ ಪುಸ್ತಕವಾಗುತ್ತೆ, ಮಿಕ್ಕವರಿಗೆ ಅದರ ಉಪಯೋಗವೂ ಇಲ್ಲ.

ಹಳೇ ಕಿಸೆಗೂ ಇದಕ್ಕೂ ವ್ಯತ್ಯಾಸ ಇದೆ ಅಂತ ನನ್ನ ಅಭಿಪ್ರಾಯ. ಆಗ ಸಾಮಾನ್ಯ ಸಂಗತಿಗಳೂ ಕಿಸೆಯಲ್ಲಿದ್ದವು, ಎಲ್ಲರೂ ಬೇರೆ ಬೇರೆ ಹೆಸರಿನಲ್ಲಿ ಒಂದೇ ಮಾತು ಹೇಳುತ್ತಿದ್ದರು. ಈಗ ಸಾಮಾನ್ಯವಾದದ್ದು ಚೀಟಿಯಲ್ಲಿ ಹೆಸರು ಹಿಡಿದು ಇದೆ, ನಿಜಕ್ಕೂ ವಿಶೇಷವಾದದ್ದಷ್ಟೇ ಕಿಸೆಗೆ. ಹತ್ತು ವರ್ಷ ಬಾಗಿಲು ಮುಚ್ಚಿಟ್ಟಿದ್ದರಿಂದಲೇ ಯಾವುದು ಸಾಮಾನ್ಯ, ಯಾವುದು ವಿಶೇಷ ಅಂತ ಗೊತ್ತಾಗಿದ್ದು. 2010ರಲ್ಲೇ ಈ ಕಿಸೆ ಕೊಟ್ಟಿದ್ದರೆ ಚೀಟಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಒಪ್ಪದವರೂ ಇದ್ದಾರು. ಬಾಗಿಲು ಒಮ್ಮೆ ತೆರೆದರೆ ನುಗ್ಗುವವರನ್ನು ತಡೆಯುವುದು ಕಷ್ಟ ಅನ್ನುವ ವಾದವನ್ನು ತಳ್ಳಿಹಾಕಲಾರೆ.

ಮಧ್ಯೆ ಒಂದು ಸಂಗತಿ ಹೇಳಬೇಕು, ಸ್ವಲ್ಪ ಅಡ್ಡದಾರಿಯಾದರೂ. ನಾಗಮಂಗಲದ ನೆರೆಯ ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ ಇದೆ. ಅಲ್ಲಿ ಗಣೇಶ ಅಯ್ಯರ್ ಅನ್ನುವ ಇಂಜಿನಿಯರ್ ವಿನ್ಯಾಸ ಮಾಡಿದ ಸೈಫನ್‌ಗಳಿವೆ. ನೀರು ಒಂದು ಮಟ್ಟ ದಾಟಿದರೆ ತಾನಾಗಿಯೇ ಎಳೆದುಕೊಂಡು ಹೊರಗೆ ಹರಿಯುತ್ತೆ, ಇಳಿದರೆ ತಾನಾಗಿಯೇ ನಿಲ್ಲುತ್ತೆ. ಗೇಟಿಲ್ಲ, ಎತ್ತುವ ಆಳಿಲ್ಲ, ಯಾರೂ ಏನೂ ಹೇಳಬೇಕಿಲ್ಲ. ಎಲ್ಲ ಅಪ್ಪಣೆಯೂ ಗಾರೆಯ ಆಕಾರದಲ್ಲೇ ಇದೆ. ಡ್ರೈವರ್ ಬರೆಯುವವರಿಗೆ ಅದನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತೆ. ಆದರೆ ಅದು ಕೋಡಿ ನೀರಿಗೆ. ಯಾವ ಗದ್ದೆಗೆ ಯಾವತ್ತು ಎಷ್ಟು ಅನ್ನುವ ಕಡೆ ಅದು ನಡೆಯುವುದಿಲ್ಲ. ಅಲ್ಲಿ ಈಗಲೂ ವಿ.ಸಿ. ನಾಲೆಯಲ್ಲಿ ಕಟ್ಟು ನೀರಿನ ಲೆಕ್ಕ. ಇಷ್ಟು ದಿನ ಬಿಡು, ಇಷ್ಟು ದಿನ ನಿಲ್ಲಿಸು. ಅದೂ ಒಂಥರಾ ಬರ್ಸ್ಟೇ.

ಮತ್ತೆ ವಿಷಯಕ್ಕೆ. ಪೆರಿಫೆರಲ್ ಕಾನ್ಫಿಗ್ ಬಂದಮೇಲೆ ಏನಾಯಿತು? ಊರಿಗೆ ಊರೇ ನುಗ್ಗಲಿಲ್ಲ. ಎನ್‌ಎಕ್ಸ್‌ಪಿ ಕಂಪನಿಯ ಐಎಂಎಕ್ಸ್ ಚಿಪ್ಪುಗಳಲ್ಲಿ ಒಂದೇ ಧ್ವನಿ ಸಾಧನಕ್ಕೆ ಹಲವು ಫಿಫೋಗಳಿರುತ್ತವೆ. ಎಷ್ಟು ತೊಟ್ಟಿ ಅಂತ ಹೇಳುವುದಕ್ಕೆ ಚೀಟಿಯಲ್ಲಿ ಜಾಗ ಇರಲಿಲ್ಲ, 2022ರಲ್ಲಿ ಅದಕ್ಕೆ ಈ ಕಿಸೆ ಬಳಸಿದರು. ಒಳಗೆ ಏನಿಡಬೇಕು ಅನ್ನುವುದನ್ನು ಗುಟ್ಟಾಗಿಡದೆ, ಕರ್ನಲ್ಲಿನ ಹೆಡರ್ ಫೋಲ್ಡರಿನಲ್ಲಿ ‘ಡಿಎಂಎ’ ಅನ್ನುವ ಉಪಫೋಲ್ಡರಿನೊಳಗೆ ಕಂಟ್ರೋಲರಿನ ಹೆಸರಿನಲ್ಲೇ ಒಂದು ಕಡತ ಮಾಡಿ, ಎಲ್ಲರಿಗೂ ಕಾಣುವ ಹಾಗೆ ಬರೆದಿಟ್ಟಿದ್ದಾರೆ. ಆಸಕ್ತಿ ಇದ್ದವರು ತೆಗೆದು ನೋಡಬಹುದು. ಕ್ವಾಲ್‌ಕಾಮ್ ಜಿಪಿಐ ಕಡತ ಒಂದು ಪುಟಕ್ಕಿಂತ ಸ್ವಲ್ಪ ಹೆಚ್ಚಿರಬಹುದು ಅಷ್ಟೆ, ಟೀ ಕುಡಿಯೋ ಹೊತ್ತಿನಲ್ಲಿ ಓದಿ ಮುಗಿಸಬಹುದು.